ಟರ್ಕಿ ಕೋಳಿ ಕೋಳಿಯಲ್ಲ



ನವೆಂಬರ್ ಬಂತೆಂದರೆ ನಮ್ಮ ಕನ್ನಡ ತರಗತಿಯ ಗೋಡೆಯ ಮೇಲೆ ಎರಡು ಬಗೆಯ ಚಿತ್ರಗಳು ಬೀಳುತ್ತವೆ. ಒಂದು ರಾಜ್ಯೋತ್ಸವದ ಹಳದಿ ಕೆಂಪು ಬಾವುಟ. ಇನ್ನೊಂದು ಮಕ್ಕಳು ತಮ್ಮ ಅಮೆರಿಕನ್ ಶಾಲೆಯಿಂದ ಬರೆದುಕೊಂಡು ಬರುವ ಟರ್ಕಿ. ಕಾಗದದ ಮೇಲೆ ಅಂಗೈ ಇಟ್ಟು ಸುತ್ತಲೂ ಗೆರೆ ಎಳೆದರೆ ಹೆಬ್ಬೆರಳು ತಲೆಯಾಗುತ್ತದೆ, ಉಳಿದ ನಾಲ್ಕು ಬೆರಳು ಬಾಲದ ಗರಿಗಳಾಗುತ್ತವೆ. ಹೋದ ವರ್ಷಕ್ಕೆ ಹಿಂದಿನ ನವೆಂಬರ್‌ನಲ್ಲಿ ಮೂರನೇ ಹಂತದ ಹುಡುಗಿಯೊಬ್ಬಳು ಅಂಥದೊಂದು ಚಿತ್ರ ತಂದು, "ಟೀಚರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?" ಎಂದು ಕೇಳಿದಳು. "ಟರ್ಕಿ ಕೋಳಿ" ಎಂದೆವು. ಅಷ್ಟಕ್ಕೇ ಬಿಡದೆ, ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ "ಟರ್ಕಿ ಎಂದರೆ ಒಂದು ಜಾತಿಯ ದೊಡ್ಡ ಕೋಳಿ" ಎಂದು ಬರೆದು, ಎಲ್ಲರೂ ಎರಡೆರಡು ಸಲ ಬರೆದುಕೊಳ್ಳಿ ಎಂದೂ ಹೇಳಿದೆವು.

ಆ ವಾಕ್ಯ ತಪ್ಪು. ಎಷ್ಟು ತಪ್ಪು ಎಂಬುದು ನಮಗೆ ತಿಳಿಯಲು ಒಂಬತ್ತು ತಿಂಗಳು ಹಿಡಿಯಿತು. ಏಳು ಹಕ್ಕಿಗಳ ಪ್ರಾಣವೂ ಹೋಯಿತು. ಈ ಪಾಠ ಅದನ್ನು ತಿದ್ದಲು ಬರೆದದ್ದು.

ಹೆಸರಿನ ಕಥೆ

ಮೊದಲು ಹೆಸರನ್ನೇ ನೋಡೋಣ. ಭಾಷೆಯ ಮೇಷ್ಟ್ರುಗಳಿಗೆ ಅಲ್ಲಿಂದಲೇ ಶುರು ಮಾಡುವ ಚಟ.

ಟರ್ಕಿ ಹಕ್ಕಿಗೂ ಟರ್ಕಿ ದೇಶಕ್ಕೂ ಸಂಬಂಧವಿಲ್ಲ. ಇದು ಅಪ್ಪಟ ಅಮೆರಿಕ ಖಂಡದ ಹಕ್ಕಿ. ಮೆಕ್ಸಿಕೋ ಕಡೆಯ ಜನ ಇದನ್ನು ಸುಮಾರು 2,000 ವರ್ಷಗಳ ಹಿಂದೆಯೇ ಪಳಗಿಸಿದ್ದರು. 16ನೇ ಶತಮಾನದ ಆರಂಭದಲ್ಲಿ ಸ್ಪೇನಿನವರು ಅಲ್ಲಿಂದ ಯುರೋಪಿಗೆ ಒಯ್ದರು. ಇಂಗ್ಲೆಂಡಿನ ಜನ ಅದುವರೆಗೆ ತುರ್ಕಿ ವ್ಯಾಪಾರಿಗಳ ಮೂಲಕ ಬರುತ್ತಿದ್ದ ಗಿನಿಕೋಳಿಯ ಜೊತೆ ಇದನ್ನು ಗೊಂದಲ ಮಾಡಿಕೊಂಡು 'ಟರ್ಕಿ' ಎಂದು ಕರೆದರು. ಮುಂದೆ ವಲಸೆಗಾರರು ಹಡಗು ಹತ್ತಿದಾಗ ಸಾಕಿದ ಟರ್ಕಿಗಳನ್ನೂ ಜೊತೆಗೆ ತಂದರು. ಹೀಗೆ ಅಮೆರಿಕದ ಹಕ್ಕಿ ಸಮುದ್ರ ದಾಟಿ ಹೋಗಿ, ಪರದೇಶದ ಹೆಸರು ಹೊತ್ತು, ಮತ್ತೆ ಅಮೆರಿಕಕ್ಕೇ ಬಂದಿತು.

ಬೇರೆ ಭಾಷೆಗಳಲ್ಲಿ ಗೊಂದಲ ಇನ್ನೂ ಹೆಚ್ಚು. ತುರ್ಕಿಯವರು ಇದನ್ನು ತಮ್ಮ ದೇಶದ್ದೆಂದು ಒಪ್ಪುವುದಿಲ್ಲ, 'ಹಿಂದಿ' ಎನ್ನುತ್ತಾರೆ, ಅಂದರೆ ಭಾರತದ್ದು! ಫ್ರೆಂಚರ 'ದ್ಯಾಂಡ್' ಎಂಬುದರ ಅರ್ಥವೂ 'ಇಂಡಿಯಾದ್ದು' ಎಂದೇ. ಡಚ್ಚರ 'ಕಾಲ್ಕುನ್' ಹುಟ್ಟಿದ್ದು ನಮ್ಮ ಪಕ್ಕದ ಕಲ್ಲಿಕೋಟೆಯ ಹೆಸರಿನಿಂದ. ಅರಬ್ಬರಿಗೆ ಇದು ರೂಮ್ ದೇಶದ ಹುಂಜ. ಪೋರ್ಚುಗೀಸರು 'ಪೆರು' ಎಂದರು. ಅವರಿಂದ ಹಿಂದಿಗೂ ಅದೇ ಪದ ಬಂದಿತು. ಇದನ್ನು ಹೇಳುತ್ತಿದ್ದಂತೆ ಧಾರವಾಡದ ಕಡೆಯ ಹುಡುಗನೊಬ್ಬ ಬಿದ್ದು ಬಿದ್ದು ನಕ್ಕ. ಅವರ ಮನೆಯಲ್ಲಿ ಪೇರು ಎಂದರೆ ಸೀಬೆಹಣ್ಣು. ವಿಜ್ಞಾನಿಗಳಾದರೂ ನೆಟ್ಟಗೆ ಹೆಸರಿಟ್ಟರೇ ಎಂದರೆ ಅದೂ ಇಲ್ಲ. ಅವರು ಕೊಟ್ಟ 'ಮೆಲಿಯಾಗ್ರಿಸ್ ಗ್ಯಾಲೊಪಾವೊ' ಎಂಬ ಹೆಸರಿನಲ್ಲಿ ಮೊದಲ ಪದ ಗಿನಿಕೋಳಿಯದು, ಎರಡನೆಯದರಲ್ಲಿ ಹುಂಜವೂ ನವಿಲೂ ಕೂಡಿಕೊಂಡಿವೆ. ಇದನ್ನು ಮೊದಲಿನಿಂದ ಕಂಡಿದ್ದ ಮೆಕ್ಸಿಕೋದ ನಾವಾಟ್ಲ್ ಭಾಷಿಕರ ಬಳಿ ಮಾತ್ರ ಇದಕ್ಕೆ ಇದರದೇ ಆದ ಹೆಸರಿತ್ತು. ಮೆಕ್ಸಿಕೋದ ಸ್ಪ್ಯಾನಿಷ್‌ನಲ್ಲಿ ಇಂದಿಗೂ ಬಳಕೆಯಲ್ಲಿರುವ 'ಗ್ವಾಹೊಲೊಟೆ' ಎಂಬುದು ಅದರಿಂದ ಬಂದದ್ದು.

ಹಾಗಾದರೆ ಭಾರತಕ್ಕೆ ಇದು ಯಾವಾಗ ಬಂತು? 1612ರಲ್ಲಿ ಮೊಗಲ್ ದೊರೆ ಜಹಾಂಗೀರ್ ಗೋವೆಯಿಂದ ಅಪರೂಪದ ವಸ್ತುಗಳನ್ನು ತರಲು ಮುಕರ್ರಬ್ ಖಾನ್ ಎಂಬ ಅಧಿಕಾರಿಯನ್ನು ಕಳಿಸಿದ. ಅವನು ತಂದದ್ದರಲ್ಲಿ ಟರ್ಕಿ ಹುಂಜವೂ ಇತ್ತು. ಜಹಾಂಗೀರ್ ತನ್ನ ಆತ್ಮಕಥೆಯಲ್ಲಿ ಅದನ್ನು ಬಹಳ ಗಮನವಿಟ್ಟು ವರ್ಣಿಸಿದ್ದಾನೆ. ಹೆಣ್ಣು ನವಿಲಿಗಿಂತ ದೊಡ್ಡದು, ಗಂಡು ನವಿಲಿಗಿಂತ ಚಿಕ್ಕದು. ತಲೆ ಕತ್ತುಗಳ ಬಣ್ಣ ಗೋಸುಂಬೆಯಂತೆ ಕ್ಷಣಕ್ಕೊಂದು ಎನ್ನುತ್ತಾನೆ. ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ನಮ್ಮ ಮಕ್ಕಳ ಅಂಗೈ ಟರ್ಕಿಗಳಿಗಿಂತ ನಾಲ್ಕುನೂರು ವರ್ಷ ಹಳೆಯ ಟರ್ಕಿ ಚಿತ್ರ ಅದು.

ಕನ್ನಡದ ರೀತಿ ಬೇರೆ. ಹೊಸ ವಸ್ತು ಬಂದರೆ ನಾವು ಪರಿಚಯದ ವಸ್ತುವಿನ ಹೆಸರಿಗೆ ಇನ್ನೊಂದು ಪದ ಅಂಟಿಸುತ್ತೇವೆ. ಸೀಮೆಎಣ್ಣೆ, ಸೀಮೆಬದನೆ, ಸೀಮೆಸುಣ್ಣ ಎಲ್ಲ ಹೀಗೆ ಹುಟ್ಟಿದವು. ಮೆಕ್ಸಿಕೋ ಕಡೆಯಿಂದಲೇ ಪೋರ್ಚುಗೀಸರ ಹಡಗಿನಲ್ಲಿ ಬಂದ ಕೆಂಪು ಕಾಯಿಗೆ, ಮೆಣಸಿನಂತೆ ಖಾರವಾಗಿದೆ ಎಂಬ ಕಾರಣಕ್ಕೆ, ಮೆಣಸಿನಕಾಯಿ ಎಂದೆವು. ಎರಡೂ ಗಿಡಗಳಿಗೆ ಯಾವ ನೆಂಟಸ್ತನವೂ ಇಲ್ಲ. ಅಡುಗೆಮನೆಯಲ್ಲಿ ಅದರಿಂದ ತೊಂದರೆಯಾಗಲಿಲ್ಲ. 'ಟರ್ಕಿ ಕೋಳಿ'ಯಿಂದ ನಮಗೆ ತೊಂದರೆಯಾಯಿತು.

ಅಂಚೆಯಲ್ಲಿ ಬಂದ ಮರಿಗಳು

ನಾವಿರುವ ಮಿನ್ನೆಸೋಟ ರಾಜ್ಯ ಟರ್ಕಿ ಸಾಕಣೆಯಲ್ಲಿ ಬಹಳ ವರ್ಷಗಳಿಂದ ಈ ದೇಶದ ಮುಂಚೂಣಿಯಲ್ಲಿದೆ. ಹೆದ್ದಾರಿಯಲ್ಲಿ ಹೋಗುವಾಗ ಕಾಣುವ ಉದ್ದನೆಯ ಕಿಟಕಿಯಿಲ್ಲದ ಕೊಟ್ಟಿಗೆಗಳಲ್ಲಿ ಅನೇಕವು ಟರ್ಕಿಗಳವು. ಅಲ್ಲಿ ಬೆಳೆಯುವುದು ಅಗಲ ಎದೆಯ ಬಿಳಿ ಟರ್ಕಿ. ಅದರ ಗಂಡು ಸುಮಾರು 20 ವಾರದಲ್ಲಿ 18 ಕಿಲೋ ಹತ್ತಿರ ತೂಗುತ್ತದೆ. ಎದೆ ಎಷ್ಟು ಭಾರವೆಂದರೆ ಅದಕ್ಕೆ ಹಾರಲು ಆಗದು, ಸಹಜವಾಗಿ ಕೂಡಲೂ ಆಗದು. ಮುಂದಿನ ಪೀಳಿಗೆ ಕೃತಕ ಗರ್ಭಧಾರಣೆಯಿಂದಲೇ ಆಗಬೇಕು.

ನಮ್ಮ ವಿದ್ಯಾರ್ಥಿಯೊಬ್ಬನ ಮನೆ ಊರಾಚೆ ಇದೆ. ಐದು ಎಕರೆ ಜಾಗ, ಒಂದು ಹಳೆಯ ಕೊಟ್ಟಿಗೆ, ಹತ್ತು ಹನ್ನೆರಡು ಮೊಟ್ಟೆಕೋಳಿಗಳು. ಅವನ ತಂದೆ ವಾರವೆಲ್ಲ ಕಂಪ್ಯೂಟರ್ ಮುಂದೆ ಕೂರುವವರು. ಶನಿವಾರ ಬೇಲಿ ನೆಡುವವರು. ಆ ವರ್ಷ ಅವರು ಟರ್ಕಿ ಸಾಕಲು ನಿರ್ಧರಿಸಿ, "ನಿಮ್ಮ ತರಗತಿಯ ಮಕ್ಕಳೂ ಬರಲಿ, ಕನ್ನಡದಲ್ಲೇ ಸಾಕೋಣ" ಎಂದರು. ಮಾತು ತಮಾಷೆಗೆ ಶುರುವಾದರೂ ನಾವು ಒಪ್ಪಿಕೊಂಡೆವು. ಅವರು ಆರಿಸಿದ್ದು ಬಿಳಿ ತಳಿಯಲ್ಲ, 'ಬರ್ಬನ್ ರೆಡ್' ಎಂಬ ಹಳೆಯ ತಳಿ. ಕೆಂಟಕಿಯ ಬರ್ಬನ್ ಕೌಂಟಿಯ ಹೆಸರು ಅದಕ್ಕೆ. ತಾಮ್ರದ ಬಣ್ಣದ ಮೈ, ಬಿಳಿ ಬಾಲ. ಇಂಥ ಹಳೆಯ ತಳಿಗಳೆಲ್ಲ ಸೇರಿ 1997ರ ಎಣಿಕೆಯಲ್ಲಿ ದೇಶದಲ್ಲಿ ಸುಮಾರು 1,300 ತಳಿಹಕ್ಕಿಗಳಷ್ಟೇ ಉಳಿದಿದ್ದವು. ಆಮೇಲೆ ಸಣ್ಣ ಸಾಕಣೆದಾರರು ಕೈಗೆತ್ತಿಕೊಂಡದ್ದರಿಂದ ಸಂಖ್ಯೆ ಏರಿತು.

ಹೋದ ವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆರು ಗಂಟೆಗೆ ಅಂಚೆ ಕಚೇರಿಯಿಂದ ಅವರಿಗೆ ಫೋನ್ ಬಂತು: "ನಿಮ್ಮ ಪೆಟ್ಟಿಗೆ ಕೂಗುತ್ತಿದೆ, ಬೇಗ ಬನ್ನಿ." ಈ ದೇಶದಲ್ಲಿ ಹಕ್ಕಿಮರಿಗಳು ಅಂಚೆಯಲ್ಲಿ ಬರುತ್ತವೆ ಎಂದು ಕೇಳಿ ನಮ್ಮಲ್ಲಿ ಅನೇಕರು ನಂಬಲಿಲ್ಲ. ಮೊಟ್ಟೆ ಒಡೆದು ಹೊರಬರುವ ಮುನ್ನ ಮರಿ ಉಳಿದ ಹಳದಿ ಭಾಗವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಆ ಬುತ್ತಿಯ ಮೇಲೆ ಎರಡು ಮೂರು ದಿನ ಅನ್ನನೀರಿಲ್ಲದೆ ಬದುಕಬಲ್ಲದು. ಗಾಳಿರಂಧ್ರಗಳಿದ್ದ ರಟ್ಟಿನ ಪೆಟ್ಟಿಗೆಯಲ್ಲಿ 15 ಮರಿಗಳಿದ್ದವು.

ಆ ಹುಡುಗನ ಅಜ್ಜಿ ಅದೇ ವಾರ ಅರಕಲಗೂಡಿನಿಂದ ಬಂದಿದ್ದರು. ಆರು ತಿಂಗಳ ವೀಸಾ. ಜೀವನಪೂರ್ತಿ ನಾಟಿ ಕೋಳಿ ಸಾಕಿದವರು. ಪೆಟ್ಟಿಗೆಯೊಳಗೆ ಇಣುಕಿ, "ಇದೇನ್ಲಾ ಮಗಾ, ಹದ್ದಿನ್ ಮರಿ ಇದ್ದಂಗೈತೆ!" ಎಂದರು. ಅವರಿಗೆ ನಮ್ಮ ಕೈಯಲ್ಲಿದ್ದ ಪುಸ್ತಕ ಕಂಡು ನಗು. "ಕೋಳಿ ಸಾಕಾಕೆ ಪುಸ್ತಕ ಬೇಕಾ ಟೀಚರಮ್ಮ?"

ಮೊದಲ ಹತ್ತು ದಿನ ಅಜ್ಜಿಯೇ ಗೆದ್ದರು ಎನ್ನಬೇಕು. ಟರ್ಕಿ ಮರಿಗೆ ತಾನಾಗಿ ಮೇವು ನೀರು ಗುರುತಿಸುವ ಚುರುಕು ಕಡಿಮೆ. ಮೇವಿನ ತಟ್ಟೆಯ ಪಕ್ಕದಲ್ಲೇ ಹಸಿದು ಸಾಯುವ ಮರಿಗಳೂ ಉಂಟು. ಪುಸ್ತಕದಲ್ಲಿ ಒಂದೊಂದು ಮರಿಯ ಕೊಕ್ಕನ್ನೂ ನೀರಿಗೆ ಅದ್ದಿ ತೋರಿಸಿ, ನೀರಿನಲ್ಲಿ ಬಣ್ಣದ ಗೋಲಿಗಳನ್ನು ಹಾಕಿ ಎಂದಿತ್ತು. ಹೊಳೆಯುವುದನ್ನು ಕಂಡರೆ ಮರಿ ಕುಕ್ಕುತ್ತದೆ, ಕುಕ್ಕಿದಾಗ ನೀರು ಸಿಗುತ್ತದೆ. ಗೋಲಿಗಳಿದ್ದರೆ ಮರಿ ನೀರಿನಲ್ಲಿ ಮುಳುಗುವ ಭಯವೂ ಇಲ್ಲ. ಅಜ್ಜಿ ಪುಸ್ತಕ ನೋಡದೆಯೇ ನೆಲದ ಮೇಲೆ ಕೂತು, ತೋರುಬೆರಳಿನ ಉಗುರಿನಿಂದ ತಟ್ಟೆಯನ್ನು ಟಕಟಕ ಕುಟ್ಟುತ್ತಾ "ಬಾ ಬಾ ಬಾ, ಕೊ ಕೊ ಕೊ" ಎಂದರು. ತಾಯಿಹಕ್ಕಿ ಕೊಕ್ಕಿನಿಂದ ಕುಕ್ಕಿ ತೋರಿಸುವ ರೀತಿಯೇ ಅದು. ಮರಿಗಳು ಓಡಿ ಬಂದವು. ಮಕ್ಕಳೆಲ್ಲ ಅಜ್ಜಿಯ ಸುತ್ತ ಕೂತು ಉಗುರು ಕುಟ್ಟತೊಡಗಿದರು. ಆ ಮಧ್ಯಾಹ್ನ ನಮ್ಮ ಮಕ್ಕಳು ಆಡಿದಷ್ಟು ಕನ್ನಡವನ್ನು ತರಗತಿಯಲ್ಲಿ ಒಂದು ತಿಂಗಳಲ್ಲಿ ಆಡುವುದಿಲ್ಲ. ಎರಡು ಮರಿಗಳು ಮಾತ್ರ ಪ್ರಯಾಣದ ಆಯಾಸದಿಂದ ಚೇತರಿಸಿಕೊಳ್ಳದೆ ಸತ್ತವು.

ಕಾವಿನ ವಿಷಯದಲ್ಲಿ ಪುಸ್ತಕ ಗೆದ್ದಿತು. ಊರಿನಲ್ಲಾದರೆ ಮಂಕರಿ ಕವುಚಿ ಹಾಕಿ, ತಾಯಿಕೋಳಿಯ ರೆಕ್ಕೆಯಡಿ ಬಿಟ್ಟರೆ ಆಯಿತು. ಇಲ್ಲಿ ತಾಯಿಯಿಲ್ಲ, ಮೇ ತಿಂಗಳಲ್ಲೂ ರಾತ್ರಿ ಚಳಿ. ಕೆಂಪು ದೀಪ ಇಳಿಬಿಟ್ಟು ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖ ಕೊಟ್ಟು, ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬೇಕು. ಥರ್ಮಾಮೀಟರ್‌ಗಿಂತ ಮರಿಗಳನ್ನೇ ನೋಡುವುದು ಲೇಸು. ದೀಪದ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಗೋಡೆಗೆ ಅಂಟಿ ಬಾಯಿ ತೆರೆದಿದ್ದರೆ ಸೆಕೆ, ಹರಡಿಕೊಂಡು ಮೇಯುತ್ತಿದ್ದರೆ ಸರಿ. ಪೆಟ್ಟಿಗೆಗೆ ಮೂಲೆಗಳಿದ್ದರೆ ಮರಿಗಳು ಅಲ್ಲಿ ಗುಂಪಾಗಿ ನುಗ್ಗಿ ಅಡಿಯಲ್ಲಿದ್ದವು ಉಸಿರುಗಟ್ಟುತ್ತವೆ. ಆದ್ದರಿಂದ ರಟ್ಟನ್ನು ದುಂಡಗೆ ಬಗ್ಗಿಸಿ ಮೂಲೆಗಳನ್ನು ಮುಚ್ಚಿದೆವು. ನೆಲಕ್ಕೆ ವೃತ್ತಪತ್ರಿಕೆ ಹಾಸಬಾರದು, ಜಾರಿ ಕಾಲು ಅಗಲಿ ಊನವಾಗುತ್ತದೆ. ಪೈನ್ ಮರದ ಹೊಟ್ಟು ಹಾಕಿದೆವು. ಬಡಗಿ ಉಜ್ಜುಗೊರಡು ಎಳೆದಾಗ ಸುರುಳಿಯಾಗಿ ಬೀಳುತ್ತದಲ್ಲ, ಅದು.

ಮೇವಿನಲ್ಲಿ ಅಜ್ಜಿಗೂ ಪುಸ್ತಕಕ್ಕೂ ಜಗಳವೇ ಆಯಿತು. ಅಜ್ಜಿ ಅಕ್ಕಿನುಚ್ಚು ತಂದರು. ಟರ್ಕಿ ಮರಿ ಬೇಗ ಬೆಳೆಯುವ ಹಕ್ಕಿ. ಮೊದಲ ವಾರಗಳಲ್ಲಿ ಅದರ ಮೇವಿನಲ್ಲಿ ಶೇಕಡಾ 28ರಷ್ಟು ಪ್ರೋಟೀನ್ ಇರಬೇಕು. ಕೋಳಿಮರಿಗಳ ಮೇವಿನಲ್ಲಿ ಇರುವುದು 18ರಿಂದ 20. ನುಚ್ಚಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಕೋಳಿಮೇವನ್ನೇ ಕೊಟ್ಟರೆ ಕಾಲು ಸೊಟ್ಟಗಾಗಬಹುದು, ಬೆಳವಣಿಗೆ ಕುಗ್ಗುತ್ತದೆ. ಅಷ್ಟು ಹೊತ್ತಿಗಾದರೂ ನಮಗೆ ಹೊಳೆಯಬೇಕಿತ್ತು, ಇದು ಕೋಳಿಯಲ್ಲ ಎಂದು.

ಹಳೆಯ ಕೋಳಿ ಅಂಗಳ

ಜುಲೈ ಮೊದಲ ವಾರ ಮರಿಗಳಿಗೆ ಎಂಟು ವಾರವಾಯಿತು. ದೀಪ ಬೇಡವಾಯಿತು, ಹೊರಗೆ ಬಿಡಬೇಕು. ಎಲ್ಲಿ ಬಿಡುವುದು? ಮನೆಯ ಹಿಂದೆ ಮೊಟ್ಟೆಕೋಳಿಗಳ ಅಂಗಳವಿತ್ತು. ಬೇಲಿ ಇತ್ತು, ನೆರಳಿತ್ತು. ಕೋಳಿಗಳನ್ನು ಪಕ್ಕಕ್ಕೆ ಸರಿಸಿ ಅರ್ಧ ಜಾಗ ಟರ್ಕಿಗಳಿಗೆ ಕೊಟ್ಟರೆ ಸಾಕು. ಅಜ್ಜಿ ಹಾಗೆ ಹೇಳಿದರು. ನಾವೂ ತಲೆಯಾಡಿಸಿದೆವು. "ಕೋಳಿ ಜೊತೆ ಕೋಳಿ ಇರ್ತದೆ, ಅದ್ಕೇನು?"

ಪುಸ್ತಕದ ಅರ್ಧವನ್ನಷ್ಟೇ ನಾವು ಓದಿದ್ದೆವು. ಮರಿಗಳ ಅಧ್ಯಾಯ ಮುಗಿಸಿ, ಉಳಿದದ್ದು ಬೇಸಿಗೆ ರಜೆಯಲ್ಲಿ ಎಂದುಕೊಂಡಿದ್ದೆವು.

ಜುಲೈ ಕೊನೆಯ ಶನಿವಾರ ಮಕ್ಕಳು ಹೋದಾಗ ಒಂದು ಹಕ್ಕಿ ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಬೇಲಿಯ ಬುಡದಲ್ಲಿ ನಿಂತಿತ್ತು. ಮೇವಿನ ಕಡೆ ತಿರುಗಲಿಲ್ಲ. ಹಿಕ್ಕೆ ಗಂಧಕದಂತೆ ಹಳದಿ. ಮಾರನೇ ದಿನ ಅದು ಸತ್ತಿತು. ಮುಂದಿನ ಹತ್ತು ದಿನಗಳಲ್ಲಿ ಒಂದೊಂದಾಗಿ ಇನ್ನೂ ಆರು. ಪಕ್ಕದಲ್ಲಿದ್ದ ಮೊಟ್ಟೆಕೋಳಿಗಳಿಗೆ ಮಾತ್ರ ಏನೂ ಆಗಲಿಲ್ಲ. ಅವು ಎಂದಿನಂತೆ ಕೆದಕುತ್ತಾ ಇದ್ದವು. ಅಜ್ಜಿ ಅರಿಶಿನ ಬೆರೆಸಿದ ಅನ್ನ ಉಂಡೆ ಮಾಡಿ ತಿನ್ನಿಸಲು ನೋಡಿದರು. ಎಷ್ಟೋ ರೋಗ ಕಂಡ ಕೈ ಅದು. ಆದರೆ ಈ ರೋಗವನ್ನು ಅವರು ಕಂಡಿರಲಿಲ್ಲ.

ಸತ್ತ ಹಕ್ಕಿಯೊಂದನ್ನು ಹುಡುಗನ ತಂದೆ ಸೇಂಟ್ ಪಾಲ್‌ನಲ್ಲಿರುವ ವಿಶ್ವವಿದ್ಯಾಲಯದ ಪಶುರೋಗ ಪತ್ತೆ ಪ್ರಯೋಗಾಲಯಕ್ಕೆ ಒಯ್ದರು. ಉತ್ತರ ಬಂತು: ಹಿಸ್ಟೊಮೊನಾಸ್ ಎಂಬ ಏಕಕೋಶ ಜೀವಿಯಿಂದ ಬರುವ ರೋಗ. ಈಲಿಯ ಮೇಲೆ ಗುರಿಹಲಗೆಯಂತೆ ದುಂಡು ದುಂಡು ಕಲೆಗಳಿದ್ದವು. ರೈತರು ಇದನ್ನು 'ಬ್ಲ್ಯಾಕ್‌ಹೆಡ್', ಅಂದರೆ ಕಪ್ಪುತಲೆ ರೋಗ ಎನ್ನುತ್ತಾರೆ. ಸಾಮಾನ್ಯವಾಗಿ ಇದರಲ್ಲಿ ತಲೆ ಕಪ್ಪಾಗುವುದೇ ಇಲ್ಲ! ಇದೂ ಒಂದು ತಪ್ಪು ಹೆಸರು. ನಾವು ಕಪ್ಪು ತಲೆಗಾಗಿ ಕಾಯುತ್ತಿದ್ದರೆ ಇನ್ನೂ ನಾಲ್ಕು ಹೋಗುತ್ತಿದ್ದವೇನೋ.

ರೋಗ ಹರಡುವ ಬಗೆ ಹೀಗೆ. ಕೋಳಿಯ ಕರುಳಿನಲ್ಲಿ ಒಂದು ಸಣ್ಣ ಜಂತುಹುಳು ಇರುತ್ತದೆ. ಆ ಹುಳುವಿನ ಮೊಟ್ಟೆಯೊಳಗೆ ಈ ಏಕಕೋಶ ಜೀವಿ ಅಡಗಿ ಕೂರುತ್ತದೆ. ಮೊಟ್ಟೆ ಹಿಕ್ಕೆಯ ಜೊತೆ ಮಣ್ಣು ಸೇರಿ ಅಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಎರೆಹುಳು ಆ ಮೊಟ್ಟೆಯನ್ನು ನುಂಗಿದರೆ ಎರೆಹುಳುವಿನೊಳಗೂ ಉಳಿಯುತ್ತದೆ. ಕೋಳಿಗೆ ಇದರಿಂದ ಸಾಮಾನ್ಯವಾಗಿ ದೊಡ್ಡ ತೊಂದರೆಯಿಲ್ಲ, ಹೊತ್ತುಕೊಂಡು ತಿರುಗುತ್ತದೆ. ಅದೇ ಮಣ್ಣನ್ನು ಟರ್ಕಿ ಕೆದಕಿ ಕುಕ್ಕಿದರೆ ಈಲಿಗೆ ಏಟು. ಒಮ್ಮೆ ಹೊಕ್ಕ ಮೇಲೆ ಟರ್ಕಿಯಿಂದ ಟರ್ಕಿಗೂ ನೇರವಾಗಿ ದಾಟುತ್ತದೆ. ಈ ದೇಶದಲ್ಲಿ ಇದನ್ನು ತಡೆಯಲು ಮೇವಿಗೆ ಬೆರೆಸುತ್ತಿದ್ದ ಔಷಧಿಯೊಂದಿತ್ತು. ಅದರಲ್ಲಿ ಆರ್ಸೆನಿಕ್ ಇದ್ದುದರಿಂದ 2015ರ ಕೊನೆಗೆ ಅದನ್ನು ಹಿಂದಕ್ಕೆ ಪಡೆದರು. ಈಗ ಒಪ್ಪಿಗೆಯಿರುವ ಮದ್ದು ಇಲ್ಲ. ಇರುವ ಮದ್ದು ಒಂದೇ: ಕೋಳಿ ಮತ್ತು ಟರ್ಕಿಗಳನ್ನು ಒಟ್ಟಿಗೆ ಸಾಕಬಾರದು, ಹಿಂದಿನ ಮೂರು ನಾಲ್ಕು ವರ್ಷ ಕೋಳಿ ಓಡಾಡಿದ ನೆಲಕ್ಕೆ ಟರ್ಕಿಯನ್ನು ಬಿಡಬಾರದು. ನಮ್ಮ ಪುಸ್ತಕದಲ್ಲಿ ಇದು ಐದನೇ ಅಧ್ಯಾಯದ ಮೊದಲ ಪುಟದಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ.

ಉಳಿದ ಆರು ಹಕ್ಕಿಗಳನ್ನು ಅದೇ ಸಂಜೆ ಜಾಗದ ಆಚೆ ತುದಿಯ ಹುಲ್ಲುಗಾವಲಿಗೆ ಸಾಗಿಸಿದರು. ಹೊಸ ನೀರಿನ ಪಾತ್ರೆ, ಬೇರೆ ಗುದ್ದಲಿ, ಅಲ್ಲಿಗೇ ಬೇರೆ ಬೂಟು. ಅಜ್ಜಿ ಎರಡು ದಿನ ಹೊರಗೆ ಬರಲಿಲ್ಲ. "ನನ್ ಮಾತು ಕೇಳಿ ಮಕ್ಕಳ ಹಕ್ಕಿ ಹೋದ್ವು" ಎಂದು ಸೊಸೆಯ ಹತ್ತಿರ ಹೇಳಿದರಂತೆ. ನಾವು ಹೋಗಿ, "ಅಮ್ಮಾ, ಬೋರ್ಡಿನ ಮೇಲೆ ಅದನ್ನ ಕೋಳಿ ಅಂತ ಬರೆದಿದ್ದು ನಾವು, ನೀವಲ್ಲ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಅಳಿಸಿಬುಡಿ" ಎಂದರು. ಆಗಸ್ಟ್‌ನಲ್ಲಿ ತರಗತಿ ಮತ್ತೆ ಶುರುವಾದ ದಿನ ಅದೇ ವಾಕ್ಯ ಬರೆದು, ಮಕ್ಕಳ ಎದುರೇ ಅಳಿಸಿದೆವು.

ಹುಲ್ಲುಗಾವಲಿನ ಆರು

ಆಗಸ್ಟ್ ನಂತರ ಅವು ಚೆಲುವಾಗಿ ಬೆಳೆದವು. ಮಿಡತೆ ಹಿಡಿಯುವುದರಲ್ಲಿ ಟರ್ಕಿಗೆ ಸರಿಸಾಟಿಯಿಲ್ಲ. ಈ ಹಳೆಯ ತಳಿಗಳು ಚೆನ್ನಾಗಿ ಹಾರುತ್ತವೆ. ನಾಲ್ಕು ಅಡಿ ಬೇಲಿ ಲೆಕ್ಕಕ್ಕಿಲ್ಲ, ಒಂದು ರೆಕ್ಕೆಯ ಗರಿಗಳ ತುದಿ ಕತ್ತರಿಸಬೇಕಾಯಿತು. ರಾತ್ರಿ ಎತ್ತರದಲ್ಲಿ ಕೂರಲು ಬಯಸುತ್ತವೆ. ಅಡ್ಡೆಗೆ ದುಂಡು ಕೋಲಿಗಿಂತ ಅಗಲ ಹಲಗೆ ಒಳ್ಳೆಯದು, ಚಳಿಗಾಲದಲ್ಲಿ ಪಾದಗಳ ಮೇಲೆ ಹೊಟ್ಟೆಯ ಗರಿ ಮುಚ್ಚಿಕೊಂಡು ಕೂತರೆ ಬೆರಳು ಹೆಪ್ಪುಗಟ್ಟುವುದಿಲ್ಲ. ಕಿಂಡಿಗಳಿಗೆ ಅರ್ಧ ಅಂಗುಲ ಕಣ್ಣಿನ ಗಟ್ಟಿ ತಂತಿಜಾಲರಿ ಬೇಕು. ಸಾಧಾರಣ ಕೋಳಿ ಬಲೆಯೊಳಗೆ ರಕೂನ್ ಕೈ ತೂರಿಸುತ್ತದೆ. ಅದರ ಕೈ ನಮ್ಮ ಕೈಯಷ್ಟೇ ಚುರುಕು.

ಗಂಡಿಗೆ ಕೊಕ್ಕಿನ ಮೇಲೆ ಮಾಂಸದ ಎಳೆಯೊಂದು ಇಳಿಬೀಳುತ್ತದೆ. ಉದ್ರೇಕವಾದಾಗ ಅದು ಉದ್ದವಾಗುತ್ತದೆ, ತಲೆ ನೀಲಿ, ಬಿಳಿ, ಕೆಂಪಾಗುತ್ತದೆ. ಜಹಾಂಗೀರ್ ಬರೆದದ್ದು ನಿಜ ಎಂದು ಮಕ್ಕಳು ಕಣ್ಣಾರೆ ಕಂಡರು. ಬಾಲ ಬಿಚ್ಚಿ ರೆಕ್ಕೆ ನೆಲಕ್ಕೆ ಉಜ್ಜುತ್ತಾ ನಡೆಯುವಾಗ ಅಜ್ಜಿ, "ನವಿಲು ಕುಣೀತು ಅಂತ ಕೆಂಬೂತ ಪುಕ್ಕ ಕೆದರಿತಂತೆ" ಎಂದರು. ತಮಿಳಿನಲ್ಲಿ ಇದೇ ಮಾತಿಗೆ 'ವಾನ್‌ಕೋಳಿ' ಎನ್ನುತ್ತಾರೆ; ಈಗ ಆ ಪದಕ್ಕೆ ಅರ್ಥ ಟರ್ಕಿ. ಅವ್ವೈಯಾರ್ ಹೆಸರಿನ ಹಳೆಯ ಪದ್ಯದಲ್ಲಿರುವ ವಾನ್‌ಕೋಳಿ ಟರ್ಕಿಯಾಗಿರಲಾರದು, ಆ ಕಾಲಕ್ಕೆ ಟರ್ಕಿ ಸಮುದ್ರ ದಾಟಿರಲಿಲ್ಲ. ತಮಿಳು ತರಗತಿಯ ಮಕ್ಕಳು ಇದನ್ನು ತಮ್ಮ ಟೀಚರನ್ನು ಕೇಳಲಿ.

ಟರ್ಕಿಯ ಕೂಗಿಗೆ ಕನ್ನಡದಲ್ಲಿ ಕ್ರಿಯಾಪದವಿಲ್ಲ. ಹುಂಜ ಕೂಗುತ್ತದೆ, ಮರಿ ಚಿಂವ್‌ಗುಟ್ಟುತ್ತದೆ, ಪಾರಿವಾಳ ಗುಟುರು ಹಾಕುತ್ತದೆ. ಮಕ್ಕಳು ಬಹಳ ಚರ್ಚೆ ಮಾಡಿ 'ಗೊಳಗೊಳಿಸು' ಎಂದು ಮಾಡಿದರು. ವ್ಯಾಕರಣದಲ್ಲಿ ಗೊಳಗೊಳ ಎಂಬುದು ಅನುಕರಣಾವ್ಯಯ. ಪಟಪಟ, ಗಳಗಳ ಇದ್ದಂತೆ. ನಮಗೆ ಪದ ಹಿಡಿಸಿತು.

ಭೇಟಿಯ ನಿಯಮಗಳು ಬಿಗಿಯಾಗಿದ್ದವು. 2022ರಿಂದ ಈ ದೇಶದಲ್ಲಿ ಹಕ್ಕಿಜ್ವರ ಮತ್ತೆ ಮತ್ತೆ ಟರ್ಕಿ ಸಾಕಣೆಗಳಿಗೆ ನುಗ್ಗಿದೆ, ಕಾಡುಬಾತುಗಳಿಂದ ಹಬ್ಬುತ್ತದೆ. ಮಕ್ಕಳು ಗೇಟಿನಲ್ಲೇ ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದರು. ಮನೆಯಲ್ಲಿ ಕೋಳಿ ಸಾಕಿರುವ ಇಬ್ಬರು ಬೇಲಿಯ ಹೊರಗೇ ನಿಲ್ಲುತ್ತಿದ್ದರು.

ಈಗ ಕಷ್ಟದ ಮಾತು. ನವೆಂಬರ್ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. 1941ರಿಂದ ಕಾನೂನಿನಲ್ಲೇ ಇದೆ. ಬರ್ಬನ್ ರೆಡ್ ಸರಿಯಾಗಿ ಬಲಿಯಲು 28 ವಾರ ಬೇಕು. ಮೇ ತಿಂಗಳಿಂದ ಎಣಿಸಿದರೆ ನವೆಂಬರ್ ಕೊನೆಗೇ ಬರುತ್ತದೆ. ಆ ಮನೆಯವರು ಮಾಂಸಾಹಾರಿಗಳು. ತಿನ್ನಲು ಸಾಕುತ್ತಿದ್ದೇವೆ ಎಂದು ಮೊದಲ ದಿನವೇ ಹೇಳಿದ್ದರು, ಹೆಸರಿಡಬೇಡಿ ಎಂದೂ ಹೇಳಿದ್ದರು. ಮಕ್ಕಳು ಇಟ್ಟಿದ್ದರು. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳು ಸಸ್ಯಾಹಾರಿಗಳದು. ತಾಯಿಯೊಬ್ಬರು ಫೋನ್ ಮಾಡಿ, "ಕನ್ನಡ ಕಲಿಯಲು ಕಳಿಸಿದರೆ ಇದೆಲ್ಲ ಯಾಕೆ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಆಗ ನಾವು ಎಲ್ಲ ಮನೆಗೂ ಪತ್ರ ಬರೆದೆವು: ಏನು ನಡೆಯಲಿದೆ ಎಂಬುದನ್ನು ಮಕ್ಕಳಿಂದ ಮುಚ್ಚಿಡುವುದಿಲ್ಲ, ತೋರಿಸುವುದೂ ಇಲ್ಲ, ನವೆಂಬರ್‌ನ ಭೇಟಿಗೆ ಬರುವುದು ಬಿಡುವುದು ನಿಮ್ಮ ಇಷ್ಟ. ಮೂವರು ಬರಲಿಲ್ಲ. ಫೋನ್ ಮಾಡಿದ ತಾಯಿ ಮಗನ ಜೊತೆ ತಾವೇ ಬಂದರು.

ಆರರಲ್ಲಿ ಮೂರು ಗಂಡು, ಮೂರು ಹೆಣ್ಣು. ಎರಡು ಗಂಡು ಹೋದವು. ಒಂದು ಗಂಡು ಮತ್ತು ಮೂರು ಹೇಂಟೆಗಳನ್ನು ತಳಿಗೆಂದು ಉಳಿಸಿಕೊಂಡರು. ಹುಡುಗನೊಬ್ಬ ಬೇಲಿಯ ಹತ್ತಿರ ನಿಂತು ಎರಡು ಸಲ ಎಣಿಸಿ, ಏನೂ ಕೇಳದೆ, ಉಗುರಿನಿಂದ ಮೇವಿನ ಡಬ್ಬಿ ಕುಟ್ಟಿದ. ನಾಲ್ಕೂ ಓಡಿ ಬಂದವು. ತಿನ್ನದೆ ಹೋದರೆ ಈ ತಳಿಗಳನ್ನು ಸಾಕುವವರೇ ಇರುವುದಿಲ್ಲ ಎಂದು ಸಾಕಣೆದಾರರು ವಾದಿಸುತ್ತಾರೆ, ಲೆಕ್ಕ ನಿಜವೇ. ಆ ಹುಡುಗನಿಗೆ ಅದನ್ನು ಹೇಳುವ ಧೈರ್ಯ ಮಾತ್ರ ನಮಗೆ ಬರಲಿಲ್ಲ.

ಅಜ್ಜಿ ಅಕ್ಟೋಬರ್ ಕೊನೆಗೇ ಊರಿಗೆ ಹೊರಟಿದ್ದರು. ಡಿಸೆಂಬರ್‌ನಲ್ಲಿ ತರಗತಿಯಿಂದ ಅವರಿಗೆ ವಿಡಿಯೋ ಕರೆ ಮಾಡಿದೆವು. ಹೊರಗೆ ಮೈನಸ್ 20 ಡಿಗ್ರಿ. ಅವರ ಮೊದಲ ಪ್ರಶ್ನೆ, "ಎಷ್ಟು ಉಳ್ಕಂಡವೆ?" "ನಾಲ್ಕು ಅಜ್ಜಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. "ಕೋಳಿ ಹತ್ರ ಬಿಟ್ಟಿಲ್ಲ ತಾನೆ?" ಎಂಬುದು ಎರಡನೆಯದು.

ಇದನ್ನು ಬರೆಯುತ್ತಿರುವ ಏಪ್ರಿಲ್‌ನಲ್ಲಿ ಹೇಂಟೆಯೊಂದು ಹುಲ್ಲಿನ ಮರೆಯಲ್ಲಿ 11 ಮೊಟ್ಟೆಗಳ ಮೇಲೆ ಕಾವು ಕೂತಿದೆ. ಕೋಳಿಗೆ 21 ದಿನ ಸಾಕು, ಟರ್ಕಿಗೆ 28. ಇವತ್ತಿಗೆ ಹದಿನೇಳನೇ ದಿನ.

ಅಭ್ಯಾಸ

ಕೋಳಿ, ಬಾತು, ಟರ್ಕಿ: ಇವುಗಳ ಮೊಟ್ಟೆಗೆ ಎಷ್ಟೆಷ್ಟು ದಿನ ಕಾವು ಬೇಕು ಎಂದು ಹುಡುಕಿ ವಾಕ್ಯಗಳಲ್ಲಿ ಬರೆಯಿರಿ.

'ಸೀಮೆ' ಸೇರಿ ಆಗಿರುವ ಇನ್ನೂ ಮೂರು ಪದಗಳನ್ನು ಮನೆಯ ಹಿರಿಯರಿಂದ ಕೇಳಿ ತನ್ನಿ. ಊರಿಗೆ ಫೋನ್ ಮಾಡಿ ಕೇಳಿದರೆ ಇನ್ನೂ ಒಳ್ಳೆಯದು.

ಹುಂಜ, ಹೇಂಟೆ, ಹಿಕ್ಕೆ, ಈಲಿ, ಕಾವು, ಮಂಕರಿ: ಈ ಪದಗಳನ್ನು ನಿಮ್ಮ ಸ್ವಂತ ವಾಕ್ಯದಲ್ಲಿ ಬಳಸಿ.

ಈ ಹಕ್ಕಿಗೆ 'ಕೋಳಿ' ಎಂಬ ಪದ ಬಳಸದೆ ನೀವೇ ಒಂದು ಕನ್ನಡ ಹೆಸರಿಡಿ. ಯಾಕೆ ಆ ಹೆಸರು ಎಂದು ಎರಡು ಸಾಲು ಬರೆಯಿರಿ. ಚೆನ್ನಾಗಿರುವುದನ್ನು ಅಜ್ಜಿಗೆ ಓದಿ ಹೇಳೋಣ.